ಬೀಡು ಬಿಡುವ ಬಂಡಿ, ಬಂಡಿಯ ಮೇಲೆ ಹರಿಗೋಲು

ಭರತ ಹುಣ್ಣಿಮೆಗೆ ನಾಲ್ಕು ದಿನ ಇರುವಾಗಲೇ ನಮ್ಮ ಕಡೆಯ ಹಳ್ಳಿಗಳಲ್ಲಿ ಬಂಡಿಗಳ ಅಚ್ಚಿಗೆ ಎಣ್ಣೆ ಬೀಳುತ್ತದೆ. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬಂಡಿಗೆ ಕೊಲ್ಲಾರಿ. ರೊಟ್ಟಿ ಬುತ್ತಿ, ಸೊಪ್ಪೆಯ ಹೊರೆ ಹೇರಿಕೊಂಡು ಮೈಲಾರದ ಹಾದಿ ಹಿಡಿದರೆ ಜಾತ್ರೆ ಮುಗಿಯುವ ತನಕ ಬಂಡಿಯೇ ಮನೆ. ಹೊಳೆಯಲ್ಲಿ ಮಿಂದು, ಗೊರವಯ್ಯನ ಕಾರ್ಣಿಕ ಕೇಳಿ, ರಾತ್ರಿ ಬಂಡಿಯ ಕೆಳಗೆ ಮಲಗಿ ಎದ್ದು ಬಂದವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ.

ಅಂಥದೇ ಒಂದು ಪ್ರಯಾಣದಲ್ಲಿ ಈ ಲೇಖಕನ ಬಂಡಿಗೆ ಒಂದು ಹರಿಗೋಲನ್ನೂ ಕಟ್ಟಲಾಗಿತ್ತು. ಹೊಳೆದಂಡೆಯ ಬೀಗರು ತಂದುಕೊಡಲು ಹೇಳಿದ್ದರು. ಜಾತ್ರೆಯಾದ ಮೇಲೆ ಎರಡು ದಿನ ಅಲ್ಲೇ ಉಳಿದು ಮೀನು ಹಿಡಿಯುವ ಆಸೆ ನಮಗೂ ಇತ್ತು. ಬಂಡಿಯೊಳಗೆ ಜಾಗವಿಲ್ಲದ್ದರಿಂದ ಹರಿಗೋಲನ್ನು ಹಿಂಭಾಗಕ್ಕೆ ಆನಿಸಿ ನಿಲ್ಲಿಸಿ, ಹಗ್ಗ ಬಿಗಿದು ಹೊರಟೆವು. ಸಮನೆಲದಲ್ಲಿ ಎಲ್ಲವೂ ಸರಿಯಾಗಿತ್ತು. ಒಂದು ಹಳ್ಳ ಇಳಿದು ಆಚೆಯ ಏರು ಹತ್ತುವಾಗ ಬಂಡಿ ಹಿಂದಕ್ಕೆ ವಾಲಿ ನೊಗ ಮೇಲೆದ್ದಿತು. ಜತ್ತಿಗೆ ಬಿಗಿದು ಬಲಗಡೆಯ ಎತ್ತು ಕೊರಳು ಸಿಕ್ಕಿಸಿಕೊಂಡು ಮೊಣಕಾಲೂರಿತು. "ಮಾವಾ, ಹಿಂದ ಭಾರ ಆಗೇತಿ, ಎಲ್ಲಾರೂ ಮುಂದಕ ಬರ್ರೀ!" ಎಂದು ನಮ್ಮ ಅಳಿಯ ಕೂಗಿದ. ನಾಲ್ವರು ಮೂಕಿಯ ಮೇಲೆ ಬಿದ್ದ ಮೇಲೆ ನೊಗ ಕೆಳಗಿಳಿಯಿತು. ಎತ್ತು ಉಳಿಯಿತು. ಆದರೆ ಆ ರಾತ್ರಿ ಅದು ಮೇವು ಮುಟ್ಟಲಿಲ್ಲ, ನಮಗೂ ಬುತ್ತಿ ಸೇರಲಿಲ್ಲ.

ಊರಿಗೆ ಹಿಂತಿರುಗಿದ ಮೇಲೆ ನಮ್ಮ ಬಡಿಗೇರ ಅಜ್ಜನಿಗೆ ಈ ಸಂಗತಿ ಹೇಳಿದೆ. ಅಜ್ಜ ನಕ್ಕು, "ಬಂಡಿ ಅಂದ್ರ ತಕ್ಕಡಿ ಇದ್ದಂಗ ತಮ್ಮಾ. ಅಚ್ಚೇ ಅದರ ಮುಳ್ಳು. ನೀವು ಒಂದು ತಟ್ಟಿಗೆ ಮಾತ್ರ ಹೇರೀರಿ" ಎಂದ. ಮುಂದೆ ನಾವು ಮಾಡಿಸಿಕೊಂಡ ಬಂಡಿಯ ವಿನ್ಯಾಸವೆಲ್ಲ ಈ ಒಂದು ಮಾತಿನಿಂದ ಹುಟ್ಟಿದ್ದು. ಇಂಥ ಬಂಡಿಯನ್ನು ನಮ್ಮ ಹಳ್ಳಿಯ ಬಡಿಗೇರ, ಕಮ್ಮಾರ ಮತ್ತು ಒಬ್ಬ ವೆಲ್ಡಿಂಗ್ ಕೆಲಸದವ ಸೇರಿದರೆ ಮನೆಯ ಮುಂದೆಯೇ ತಯಾರಿಸಬಹುದು.

ಯಾರಿಗೆ ಬೇಕು ಈ ಬಂಡಿ?

2021ರಲ್ಲಿ ಹೊಸದಾಗಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮಳೆಯನ್ನೇ ನಂಬಿದ ಸೀಮೆ ಎಂದು ಹೆಸರಾದವು. ಆದರೂ ಇವುಗಳ ಒಂದು ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳಿಗೆ ಹೊಳೆಯ ದಂಡೆ ಇದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಹಿನ್ನೀರು ಇದೆ. ಕೂಡ್ಲಿಗಿ, ಕೊಟ್ಟೂರಿನವರಿಗೆ ಹೊಳೆ ದೂರವಾದರೂ ಜಾತ್ರೆ ದೂರವಲ್ಲ. ಮೈಲಾರ, ಕುರುವತ್ತಿಗಳಿಗೆ ಈ ಕಡೆಯವರು ಹೋಗುತ್ತಾರೆ. ಕೊಟ್ಟೂರೇಶ್ವರನ ತೇರಿಗೆ ಆ ಕಡೆಯವರು ಬರುತ್ತಾರೆ. ಇದಲ್ಲದೆ ಕುರಿ ಹಿಂಡಿನ ಜತೆ ತಿಂಗಳುಗಟ್ಟಲೆ ಹೊರಗೆ ಬೀಡು ಬಿಡುವವರು, ಹಿನ್ನೀರು ಸರಿದ ಹಾಗೆಲ್ಲ ತಾವೂ ಸರಿಯುತ್ತ ಮೀನು ಹಿಡಿಯುವ ಕುಟುಂಬಗಳು ನಮ್ಮ ನಡುವೆ ಇವೆ. ಇವರಿಗೆಲ್ಲ ಬೇಕಾದದ್ದು ಒಂದೇ: ನಾಲ್ಕು ದಿನದ ಸಂಸಾರ ಹಿಡಿಯುವ, ಮಲಗಲು ನೆರಳು ಕೊಡುವ, ಬೇಕಾದರೆ ಒಂದು ಹರಿಗೋಲನ್ನು ಹೊತ್ತು ತರುವ ಬಂಡಿ.

ಹೊರದೇಶಗಳಲ್ಲಿ ಇಂಥ ಬಂಡಿ ಮಾಡುವ ಹವ್ಯಾಸ ಬಹಳ ದಿನಗಳಿಂದ ಇದೆ. ಅಮೆರಿಕದಲ್ಲಿ 1930ರ ದಶಕದಿಂದಲೇ ಜನರು ಮೋಟಾರು ಕಾರಿನ ಹಿಂದೆ ಕಟ್ಟುವ, ಒಳಗೆ ಇಬ್ಬರು ಮಲಗಬಹುದಾದ ಪುಟ್ಟ ಎರಡು ಗಾಲಿಯ ಬಂಡಿಗಳನ್ನು ಪ್ಲೈವುಡ್ ಹಲಗೆಯಲ್ಲಿ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. 1947ರಲ್ಲಿ ಅಲ್ಲಿಯ ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್ ಎಂಬ ಪತ್ರಿಕೆಯು ಅಂಥದೊಂದು ಬಂಡಿಯ ನಕ್ಷೆಯನ್ನೇ ಅಚ್ಚು ಹಾಕಿತ್ತು. ಬಂಡಿಯ ನೆತ್ತಿಯ ಮೇಲೆ ಅಡ್ಡಪಟ್ಟಿ ಹಾಕಿ, ಕನೂ ಎಂಬ ಹಗುರವಾದ ದೋಣಿಯನ್ನು ಬೋರಲು ಮಲಗಿಸಿ ಕೆರೆ ಸರೋವರಗಳಿಗೆ ಒಯ್ಯುವುದು ಅವರ ರೂಢಿ. ಬೋರಲು ಹಾಕುವ ಉಪಾಯ ನಮಗೂ ಒಪ್ಪುವಂಥದು. ಆದರೆ ಅವರ ದೋಣಿ ಉದ್ದ, ಅಗಲ ಕಡಿಮೆ. ಬಂಡಿಯ ಉದ್ದಕ್ಕೆ ಸರಿಯಾಗಿ ಮಲಗುತ್ತದೆ. ನಮ್ಮ ಹರಿಗೋಲು ದುಂಡಗೆ, ಮೊರವನ್ನು ಬೆಳೆಸಿಟ್ಟ ಹಾಗೆ. ಅದು ಬಂಡಿಗಿಂತ ಅಗಲ. ನಮ್ಮ ಪೇಚಾಟ ಇರುವುದು ಇಲ್ಲಿ.

ಬಂಡಿಯ ಅಡಿಪಾಯ

ಮರದ ಗಾಲಿಯ ಹಳೆಯ ಬಂಡಿಗೆ ಈ ಕೆಲಸ ಒಗ್ಗುವುದಿಲ್ಲ ಎಂದೇನಿಲ್ಲ. ಆದರೆ ಅದರ ಗಾಲಿ ಎತ್ತರ, ಹಲಗೆಯೂ ಎತ್ತರ. ಮೇಲೆ ಹರಿಗೋಲು ಕೂರಿಸಿದರೆ ಇನ್ನೂ ಎತ್ತರ. ಆದುದರಿಂದ ಟೈರಿನ ಬಂಡಿಯೇ ಲೇಸು. ಬೆಂಗಳೂರಿನ ಇಂಡಿಯನ್ ಇನ್ಸ್‌ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊಫೆಸರ್ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಬಂಡಿಯ ಸುಧಾರಣೆಯನ್ನೇ ಒಂದು ವ್ರತವಾಗಿ ಹಿಡಿದಿದ್ದರು. ಎತ್ತಿನ ಹೆಗಲ ಮೇಲಿನ ಭಾರ ಇಳಿಯಬೇಕು, ಗಾಲಿ ಸಲೀಸಾಗಿ ಉರುಳಬೇಕು ಎಂಬುದು ಅವರ ವಾದ. ಅಷ್ಟು ಓದಿದವರು ಬಂಡಿಯ ಮಾತಾಡಿದರೆಂದು ಆಗ ನಕ್ಕವರಿದ್ದರಂತೆ. ಎತ್ತು ಕಟ್ಟಿದವರಾರೂ ನಕ್ಕಿರಲಾರರು.

ನಮ್ಮ ಬಂಡಿಗೆ ಜೀಪಿನ 16 ಅಂಗುಲದ ಹಳೆಯ ಗಾಲಿಗಳನ್ನು ಬಳಸಿದೆವು. ಟೈರು ಸೇರಿ ಗಾಲಿಯ ಎತ್ತರ ಸುಮಾರು 28 ಅಂಗುಲ ಆಗುತ್ತದೆ. ಒಂದು ಗಾಲಿಯ ನಡುವಿನಿಂದ ಇನ್ನೊಂದರ ನಡುವಿಗೆ 5 ಅಡಿ ಇಟ್ಟು, 4 ಅಡಿ ಅಗಲ 8 ಅಡಿ ಉದ್ದದ ಹಲಗೆಯನ್ನು ಎರಡು ಗಾಲಿಗಳ ನಡುವೆ ಕೂರಿಸಬೇಕು. ಗಾಲಿಯ ಮೇಲೆ ಹಲಗೆ ಹಾಕಿದರೆ ಅಗಲ ಹೆಚ್ಚು ಸಿಗುತ್ತದೆ, ನಿಜ. ಆದರೆ ನೆಲ ಒಂದು ಅಡಿ ಮೇಲೇರುತ್ತದೆ. ನಡುವೆ ಕೂರಿಸಿದರೆ ನೆಲದಿಂದ ಹಲಗೆ ಎರಡೂಕಾಲು ಅಡಿಯ ಒಳಗೇ ಉಳಿಯುತ್ತದೆ. ಮುದುಕರು, ಮಕ್ಕಳು ಹತ್ತಿ ಇಳಿಯಲೂ ಅದೇ ಅನುಕೂಲ. ಹಲಗೆಯ ಮುಂದೆ ಬಂಡಿ ಹೊಡೆಯುವವನಿಗೆ ಒಂದೂವರೆ ಅಡಿಯ ಕಟ್ಟೆ ಬೇರೆಯಾಗಿ ಇರಲಿ.

ಅಚ್ಚು ಹಳೆಯದನ್ನು ಕೊಳ್ಳುವುದಾದರೆ ನೆಟ್ಟಗಿದೆಯೇ ಎಂದು ದಾರ ಹಿಡಿದು ನೋಡಿ. ಬೇರಿಂಗು ಬಿಚ್ಚಿಸಿ, ತೊಳೆದು, ಹೊಸ ಗ್ರೀಸು ತುಂಬಿಸಿ. ಹಲಗೆಯ ಕೆಳಗಿನ ಚೌಕಟ್ಟಿಗೆ ಮರವೇ ಆಗಲಿ, ಕಬ್ಬಿಣದ ಆಂಗಲ್ಲೇ ಆಗಲಿ, ನಿಮ್ಮ ಅನುಕೂಲ. ನಾವು ಚೌಕಟ್ಟು ಕಬ್ಬಿಣದ್ದು, ಮೂಕಿ ಮಾತ್ರ ಮರದ್ದು ಇಟ್ಟೆವು. ಬಂಡಿ ಬಿಗಿದು ನಡುಗಿದಾಗ ಮರ ಸ್ವಲ್ಪ ಬಾಗುತ್ತದೆ. ಎತ್ತಿನ ಹೆಗಲಿಗೆ ಅಷ್ಟರಮಟ್ಟಿಗೆ ಪೆಟ್ಟು ಕಡಿಮೆ.

ತಕ್ಕಡಿಯ ಲೆಕ್ಕ

ಇನ್ನು ಅಜ್ಜನ ತಕ್ಕಡಿಗೆ ಬರೋಣ. ಎರಡು ಗಾಲಿಯ ಯಾವ ಬಂಡಿಯೂ ಅಚ್ಚಿನ ಮೇಲೆ ತೂಗುತ್ತದೆ. ಭಾರ ಎಷ್ಟು ಎಂಬುದಕ್ಕಿಂತ ಅದು ಅಚ್ಚಿನಿಂದ ಎಷ್ಟು ದೂರ ಇದೆ ಎಂಬುದು ದೊಡ್ಡದು. ಭಾರವನ್ನು ದೂರದಿಂದ ಗುಣಿಸಿ ನೋಡಬೇಕು. 40 ಕಿಲೋ ತೂಕದ ಮೂಟೆಯನ್ನು ಅಚ್ಚಿನಿಂದ 3 ಅಡಿ ಹಿಂದೆ ಇಟ್ಟರೆ 120 ಆಯಿತು. ಅದನ್ನು ಸರಿದೂಗಿಸಲು 60 ಕಿಲೋ ಮೂಟೆಯನ್ನು 2 ಅಡಿ ಮುಂದೆ ಇಡಬೇಕು, ಅದೂ 120. ಇಷ್ಟೇ ಗಣಿತ. ಮಕ್ಕಳಿಗೆ ಹೇಳಿದರೆ ಅವರೇ ಲೆಕ್ಕ ಹಾಕಿ ಕೊಡುತ್ತಾರೆ.

ನಮ್ಮ ಹಿಂದಿನ ತಪ್ಪನ್ನೇ ಈ ಲೆಕ್ಕಕ್ಕೆ ಹಾಕಿ ನೋಡಿ. ಹರಿಗೋಲಿನ ತೂಕ 40 ಕಿಲೋ ಎಂದಿಟ್ಟುಕೊಳ್ಳೋಣ. ಅದನ್ನು ಬಂಡಿಯ ಹಿಂದುಗಡೆ, ಅಚ್ಚಿನಿಂದ 5 ಅಡಿ ದೂರಕ್ಕೆ ಕಟ್ಟಿದ್ದೆವು. 40 ಐದಲೆ 200. ನೊಗವು ಅಚ್ಚಿನಿಂದ 10 ಅಡಿ ಮುಂದಿದ್ದರೆ, ಈ ಹರಿಗೋಲೊಂದೇ ನೊಗವನ್ನು 20 ಕಿಲೋ ಬಲದಿಂದ ಮೇಲಕ್ಕೆ ಎತ್ತುತ್ತಿತ್ತು. ಸಮನೆಲದಲ್ಲಿ ಮುಂದೆ ಕೂತ ಇಬ್ಬರ ಭಾರ ಅದನ್ನು ಮುಚ್ಚಿಟ್ಟಿತ್ತು. ಏರಿನಲ್ಲಿ ಎತ್ತರವಾಗಿ ನಿಲ್ಲಿಸಿದ ಭಾರವೆಲ್ಲ ಇನ್ನಷ್ಟು ಹಿಂದಕ್ಕೆ ವಾಲಿತು, ಗುಟ್ಟು ರಟ್ಟಾಯಿತು.

ಹಾಗೆಂದು ಭಾರವನ್ನೆಲ್ಲ ಮುಂದಕ್ಕೆ ತಳ್ಳಿದರೆ ಅದೂ ತಪ್ಪೇ. ಇಳಿಜಾರಿನಲ್ಲಿ ಆ ಭಾರವೆಲ್ಲ ಎತ್ತಿನ ಹೆಗಲ ಮೇಲೆ ಬೀಳುತ್ತದೆ, ಹೆಗಲು ಬಾತು ಹುಣ್ಣಾಗುತ್ತದೆ. ಸರಿಯಾದ ಹದ ಯಾವುದು? ಬಂಡಿಗೆ ಎಲ್ಲವನ್ನೂ ಹೇರಿ, ಎತ್ತು ಕಟ್ಟುವ ಮುಂಚೆ, ಒಬ್ಬ ಆಳು ನೊಗವನ್ನು ಎತ್ತಿ ಸೊಂಟದ ಮಟ್ಟಕ್ಕೆ ಹಿಡಿಯಲಿ. ಸ್ವಲ್ಪ ಭಾರ ಅನ್ನಿಸಬೇಕು, ಆದರೆ ಒಬ್ಬನೇ ತಿಣುಕದೆ ಹಿಡಿದಿರುವಂತಿರಬೇಕು. ನೊಗ ತಾನಾಗಿಯೇ ಮೇಲೇಳುವಂತಿದ್ದರೆ ಆ ಬಂಡಿಯನ್ನು ಹೊರಡಿಸಬಾರದು. ಕಾರು, ಜೀಪುಗಳ ಹಿಂದೆ ಬಂಡಿ ಕಟ್ಟುವ ಹೊರದೇಶದವರೂ ಇದೇ ನಿಯಮ ಪಾಲಿಸುತ್ತಾರೆ; ಬಂಡಿಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಮುಂದಿನ ಕೊಂಡಿಯ ಮೇಲೆ ಬೀಳಬೇಕು ಎನ್ನುತ್ತಾರೆ. ಹಿಂಭಾರವಾದರೆ ಅವರ ಬಂಡಿ ಓಟದಲ್ಲಿ ಬಾಲ ಆಡಿಸಿದಂತೆ ಅತ್ತಿತ್ತ ಹೊಯ್ದಾಡಿ ಕಾರನ್ನೇ ಉರುಳಿಸುತ್ತದೆ. ಯಂತ್ರಕ್ಕಾದರೂ ಎತ್ತಿಗಾದರೂ ತಕ್ಕಡಿ ಒಂದೇ.

ಪ್ರಯಾಣದಲ್ಲಿ ಬದಲಾಗುವ ಭಾರವನ್ನೂ ನೆನಪಿಡಬೇಕು. ಒಂದು ಜೋಡಿ ಎತ್ತಿಗೆ ನಾಲ್ಕು ದಿನದ ಒಣಮೇವು ಎಂದರೆ 60 ಕಿಲೋ ಹತ್ತಿರ ಆಗುತ್ತದೆ. ಹೋಗುವಾಗ ಇದ್ದ ಈ ಭಾರ ಬರುವಾಗ ಇರುವುದಿಲ್ಲ. ಸೊಪ್ಪೆಯನ್ನು ಮುಂದೆ ಹೇರಿ ಹರಿಗೋಲಿಗೆ ಸರಿದೂಗಿಸಿದವನು ಹಿಂತಿರುಗುವಾಗ ಮತ್ತೆ ಹಿಂಭಾರದ ಬಲೆಗೆ ಬೀಳುತ್ತಾನೆ. ಆದುದರಿಂದ ಮೇವು ಅಚ್ಚಿನ ಸರಿಮೇಲೆಯೇ ಇರಬೇಕು. ಅಲ್ಲಿದ್ದರೆ ಅದು ತುಂಬಿದರೂ ಒಂದೇ, ಬರಿದಾದರೂ ಒಂದೇ.

ಹರಿಗೋಲು ಕೂರಿಸುವುದು

ಮೀನು ಹಿಡಿಯಲು ಬಳಸುವ ಸಣ್ಣ ಹರಿಗೋಲು ಅಡ್ಡಗಲ 6 ಅಡಿಯ ಆಸುಪಾಸು, ಆಳ 2 ಅಡಿ ಇರುತ್ತದೆ. ಒಬ್ಬ ಆಳು ಬೆನ್ನ ಮೇಲೆ ಹೊತ್ತು ನಡೆಯಬಹುದಾದಷ್ಟು ಹಗುರ. ಹಂಪೆ, ಆನೆಗೊಂದಿ ಕಡೆ ಪ್ರವಾಸಿಗಳನ್ನು ಕೂರಿಸಿಕೊಳ್ಳುವ ದೊಡ್ಡ ಹರಿಗೋಲಿಗೆ ಈ ಬಂಡಿ ಸಾಲದು. ಅದರ ಆಸೆ ಬಿಡಿ.

ಈಗ ಬಂಡಿಯ ಅಳತೆಗೂ ಹರಿಗೋಲಿನ ಅಳತೆಗೂ ಒಂದು ಒಳ್ಳೆಯ ಹೊಂದಾಣಿಕೆ ಉಂಟು. ಹಲಗೆಯ ಅಗಲ 4 ಅಡಿ. ಹಲಗೆಯ ಮೇಲೆ 4 ಅಡಿಯ ಒಂದು ಚೌಕ ಗುರುತು ಮಾಡಿ, ಅದರ ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಕೊಳವೆಯ ಕಂಬ ನಿಲ್ಲಿಸಿ. ಈ ಚೌಕದ ಮೂಲೆಯಿಂದ ಎದುರು ಮೂಲೆಗೆ 5 ಅಡಿ 8 ಅಂಗುಲ ಬರುತ್ತದೆ. ಅಂದರೆ 6 ಅಡಿಯ ಹರಿಗೋಲನ್ನು ಬೋರಲು ಹಾಕಿದರೆ ನಾಲ್ಕೂ ಕಂಬಗಳು ಅದರ ಅಂಚಿನ ಒಳಗೆ ಎರಡೆರಡು ಅಂಗುಲದ ಸಂದಿನಲ್ಲಿ ನಿಲ್ಲುತ್ತವೆ. ಹರಿಗೋಲು ಅತ್ತಿತ್ತ ಜಾರುವಂತಿಲ್ಲ. ಇದನ್ನು ಸುಣ್ಣದ ಕಡ್ಡಿಯಿಂದ ಕಣದ ಮೇಲೆ ಬರೆದು ನೋಡಿದಾಗ ನಮಗೇ ಆಶ್ಚರ್ಯವಾಯಿತು.

ಅಂಚು ಕೂರಲು ಆಸರೆ ಬೇಕಲ್ಲ. ಮುಂದಿನ ಎರಡು ಕಂಬಗಳಿಗೆ ಒಂದು, ಹಿಂದಿನ ಎರಡಕ್ಕೆ ಒಂದು, ಹೀಗೆ 5 ಅಡಿ ಉದ್ದದ ಎರಡು ಅಡ್ಡಪಟ್ಟಿ ಬೆಸೆಯಿಸಬೇಕು. ಪಟ್ಟಿಯ ಮೇಲೆ ಕಂಬದ ತುದಿ 4 ಅಂಗುಲ ಮಾತ್ರ ಮೇಲೆ ಬರಲಿ. ಅದಕ್ಕಿಂತ ಹೆಚ್ಚಾದರೆ ಹರಿಗೋಲಿನ ಒಳಮೈಗೆ ತಗಲಿ ಬಿದಿರ ಹೆಣಿಗೆಯನ್ನು ತಿನ್ನುತ್ತದೆ. ಕಂಬದ ತುದಿಗೂ ಪಟ್ಟಿಗೂ ಹಳೆಯ ಸೈಕಲ್ ಟ್ಯೂಬು ಸುತ್ತಿ. ಹರಿಗೋಲಿನ ಅಂಚು ಆಗ ಟೈರಿನ ಹೊರಮೈಗಿಂತ ಎರಡೂ ಕಡೆ ಸುಮಾರು 3 ಅಂಗುಲ ಮಾತ್ರ ಹೊರಗೆ ಚಾಚುತ್ತದೆ. ಬೇಲಿಯ ಸಂದಿಯಲ್ಲಿ, ಎದುರು ಬಂಡಿ ಬಂದಾಗ, ಈ 3 ಅಂಗುಲವನ್ನು ಹೊಡೆಯುವವನು ಮರೆಯಬಾರದು.

ಚೌಕದ ನಡುವು ಅಚ್ಚಿನ ಸರಿಮೇಲೆ ಬೇಡ, ಅರ್ಧ ಅಡಿ ಮುಂದಿರಲಿ. 40 ಕಿಲೋ ಅರ್ಧ ಅಡಿ ಮುಂದೆ ಇದ್ದರೆ ನೊಗದ ಮೇಲೆ ಬೀಳುವುದು 2 ಕಿಲೋ. ಎತ್ತಿಗೆ ಅದು ಗೊತ್ತೇ ಆಗುವುದಿಲ್ಲ, ಆದರೆ ಏರಿನಲ್ಲಿ ಕಾಯುತ್ತದೆ.

ಎತ್ತರದ ವಿಷಯದಲ್ಲಿ ಬಹಳ ಚರ್ಚೆಯಾಯಿತು. ಹರಿಗೋಲಿನ ಕೆಳಗೆ ಜನ ಕೂರಬೇಕಾದರೆ ಹಲಗೆಯಿಂದ ಅಂಚಿಗೆ 3 ಅಡಿಯಾದರೂ ಬೇಕು. ಬೋರಲು ಬಿದ್ದ ಹರಿಗೋಲಿನ ಹೊಟ್ಟೆ ಗೋಪುರದಂತೆ ಮೇಲಿರುವುದರಿಂದ ತಲೆಗೆ ಎಡೆ ಸಿಗುತ್ತದೆ. ಆದರೆ ಎತ್ತರ ಹೆಚ್ಚಿದಷ್ಟೂ ಬಂಡಿ ಉರುಳುವ ಭಯ. ಒಂದು ಬೆಂಕಿಪೆಟ್ಟಿಗೆಯನ್ನು ಮಲಗಿಸಿ ಒಂದು ಬದಿ ಎತ್ತಿ ನೋಡಿ, ಅದು ಬೇಗ ಉರುಳುವುದಿಲ್ಲ. ನಿಲ್ಲಿಸಿ ಎತ್ತಿದರೆ ತಕ್ಷಣ ಬೀಳುತ್ತದೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಉತ್ಸವದ ನಡುವೆಯೇ ಉರುಳಿ ಬಿದ್ದು ಹಲವರು ಗಾಯಗೊಂಡದ್ದನ್ನು ಕಣ್ಣಾರೆ ಕಂಡವರು ನಮ್ಮ ಸೀಮೆಯಲ್ಲಿ ಸಾವಿರಾರು ಜನ. ಎತ್ತರದ ವಸ್ತು ಒಮ್ಮೆ ವಾಲಿತೆಂದರೆ ಹಗ್ಗ ಹಿಡಿದು ನಿಲ್ಲಿಸಲಾಗದು.

ಕೊನೆಗೆ ನಮ್ಮ ವೆಲ್ಡಿಂಗ್ ಹುಡುಗ ಒಂದು ದಾರಿ ಹೇಳಿದ. ಕೊಳವೆಯೊಳಗೆ ಕೊಳವೆ ಇಳಿಯುವಂತೆ ಕಂಬ ಮಾಡಿ, ಎರಡು ಕಡೆ ತೂತು ಕೊರೆದು ಮೊಳೆ ಹಾಕುವುದು. ದಾರಿಯಲ್ಲಿ ಅಂಚು ಹಲಗೆಯಿಂದ ಒಂದೂವರೆ ಅಡಿಗೆ ಇಳಿದಿರುತ್ತದೆ. ಬೀಡು ಬಿಟ್ಟ ಮೇಲೆ ನಾಲ್ವರು ಹಿಡಿದೆತ್ತಿ 3 ಅಡಿಗೆ ಏರಿಸಿ ಮೊಳೆ ಹಾಕುತ್ತಾರೆ. ದಾರಿಯಲ್ಲಿ ಹರಿಗೋಲಿನ ಕೆಳಗೆ ಮೇವು, ಪಾತ್ರೆ, ಹಾಸಿಗೆ ಇರುತ್ತದೆ, ಜನ ಇರುವುದಿಲ್ಲ. ಮುಂದೆ ಹೊಡೆಯುವವನು, ಅವನ ಪಕ್ಕ ಮತ್ತೊಬ್ಬರು. ಉಳಿದವರು ನಡೆಯಬೇಕು ಇಲ್ಲವೆ ಬಸ್ಸು ಹತ್ತಬೇಕು. ಇದಕ್ಕೆ ನಮ್ಮ ಮನೆಯಲ್ಲಿ ಬಹಳ ತಕರಾರು ಬಂತು. "ಜಾತ್ರಿಗಿ ಹೋಗೋದು ಬಂಡ್ಯಾಗ ಕುಂತು ಹೋಗಾಕ. ಹರಗೋಲ ಕುಂದ್ರಿಸಿ ನಮ್ಮನ್ನ ನಡಸ್ತೀರೇನು?" ಎಂದು ಅವ್ವ ಕೇಳಿದಳು. ಅವಳ ಮಾತಿನಲ್ಲಿ ನ್ಯಾಯವಿದೆ. ಹರಿಗೋಲು ಬೇಡವಾದ ವರ್ಷ ಅದೇ ನಾಲ್ಕು ಕಂಬಕ್ಕೆ ಬಿದಿರು ಬಾಗಿಸಿ ಚಾಪೆಯ ಕೊಲ್ಲಾರಿ ಕಟ್ಟಿದರೆ ಅವ್ವ ಮೊಮ್ಮಕ್ಕಳೊಡನೆ ಕೂತು ಹೋಗಬಹುದು. ಎರಡನ್ನೂ ಒಟ್ಟಿಗೆ ಮಾಡಹೊರಟರೆ ಎತ್ತು ಸೋಲುತ್ತದೆ.

ಹಗ್ಗ ಬಿಗಿಯುವುದನ್ನು ಮಕ್ಕಳಿಗೆ ಬಿಡಬೇಡಿ. ಹರಿಗೋಲಿನ ಮೇಲೆ ಅಡ್ಡಡ್ಡ ಎರಡು ಹಗ್ಗ ದಾಟಿಸಿ ಹಲಗೆಯ ನಾಲ್ಕು ಮೂಲೆಯ ಬಳೆಗಳಿಗೆ ಕಟ್ಟಬೇಕು. ಕೆಳಮುಖದ ಹರಿಗೋಲಿನೊಳಗೆ ಗಾಳಿ ಹೊಕ್ಕರೆ ಅದು ಕೊಡೆಯಂತೆ ಎತ್ತುತ್ತದೆ. ಬಯಲುಸೀಮೆಯ ಗಾಳಿ ಎಂಥದೆಂದು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಎರಡು ಮೈಲಿಗೊಮ್ಮೆ ಇಳಿದು ಹಗ್ಗ ಮುಟ್ಟಿ ನೋಡಿ. ಹೊಸ ನೂಲಿನ ಹಗ್ಗ ಮೊದಲ ದಿನ ಸಡಿಲಾಗುತ್ತದೆ.

ಬೀಡು

ಬೀಡಿನ ಏರ್ಪಾಡು ಸುಲಭ. ಎತ್ತು ಬಿಚ್ಚಿದ ಕೂಡಲೆ ಮೂಕಿಗೆ ಒಂದು ಗಟ್ಟಿ ಊರೆಗೋಲು, ಹಿಂದೆ ಹಲಗೆಯ ಎರಡು ಮೂಲೆಗೆ ಎರಡು. ಹಿಂದಿನ ಊರೆಗೋಲಿಲ್ಲದೆ ಯಾರಾದರೂ ಹಿಂದಿನಿಂದ ಹತ್ತಿದರೆ ಬಂಡಿ ಎತ್ತಿ ಬಿಸಾಡುತ್ತದೆ. ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಹರಿಗೋಲಿನ ಅಂಚಿನಿಂದ ಸುತ್ತಲೂ ತಾಡಪಾಲು ಇಳಿಬಿಟ್ಟರೆ ಹಲಗೆಯ ಮೇಲೆ ಇಬ್ಬರು ದೊಡ್ಡವರು, ಎರಡು ಮಕ್ಕಳು ಮಲಗುವ ಕೋಣೆ ಆಯಿತು. ಗಂಡಸರಿಗೆ ಬಂಡಿಯ ಕೆಳಗಿನ ಜಾಗ ಇದ್ದೇ ಇದೆ. ಒಲೆ ಮಾತ್ರ ಬಂಡಿಯಿಂದ ಇಪ್ಪತ್ತು ಹೆಜ್ಜೆ ಆಚೆ, ಗಾಳಿ ಬೀಸುವ ಕೆಳಮಗ್ಗುಲಿಗೆ. ಹರಿಗೋಲಿಗೆ ಬಳಿದ ಡಾಂಬರು, ಪಕ್ಕದಲ್ಲೇ ಒಣ ಸೊಪ್ಪೆ; ಒಂದು ಕಿಡಿ ಸಾಕು.

ಜಾಗ ಆರಿಸುವಾಗ ಹಿನ್ನೀರಿನ ಬಯಲನ್ನು ನಂಬಬೇಡಿ. ಬೇಸಿಗೆಯಲ್ಲಿ ನೀರು ಸರಿದ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಕೆಸರು ಇರುತ್ತದೆ. ಟೈರು ಇಳಿದರೆ ನಾಲ್ಕು ಜೋಡಿ ಎತ್ತು ಕಟ್ಟಿದರೂ ಏಳದು. ಹಳೆಯ ನೀರಿನ ಗುರುತು ಇರುವ ಗಡಿಗಿಂತ ಮೇಲೆಯೇ ಬಂಡಿ ನಿಲ್ಲಲಿ, ಹರಿಗೋಲನ್ನು ಮಾತ್ರ ಹೊತ್ತು ಕೆಳಗೆ ಒಯ್ಯಿರಿ. ಮಳೆಗಾಲದಲ್ಲಿ ಇಲ್ಲಿ ಮೋಡವಿಲ್ಲದಿದ್ದರೂ ಮಲೆನಾಡಿನ ಮಳೆಗೆ ರಾತ್ರೋರಾತ್ರಿ ನೀರು ಏರುತ್ತದೆ. ಹೊಳೆಯ ಮೇಲಿನ ಒಡ್ಡುಗಳಿಂದ ನೀರು ಬಿಡುವ ಸೂಚನೆಯನ್ನು ದಂಡೆಯ ಊರಿನವರಲ್ಲಿ ಕೇಳಿ ತಿಳಿಯಿರಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ಬಳಿ ಬೀಡಾಗಲಿ ಹರಿಗೋಲಾಗಲಿ ಬೇಡ. ಅದು ಹಕ್ಕಿಗಳಿಗೆ ಮೀಸಲಾದ ಕೆರೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ನಮ್ಮ ರಾಜ್ಯದ ತಾಣಗಳಲ್ಲಿ ಅದೂ ಒಂದು.

ಟ್ರ್ಯಾಕ್ಟರ್ ಇದ್ದವರಿಗೆ

"ಇಷ್ಟೆಲ್ಲ ಯಾಕೆ, ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹರಿಗೋಲು ಎಸೆದುಕೊಂಡು ಹೋದರಾಯಿತು" ಎನ್ನುವವರಿದ್ದಾರೆ. ಸಾಮಾನಿಗೆ ಅದು ಸರಿ. ಟ್ರೇಲರಿನೊಳಗೆ ಹರಿಗೋಲು ಸಲೀಸಾಗಿ ಹಿಡಿಯುತ್ತದೆ, ಮೇಲಿನ ಕಂಬವೇ ಬೇಕಿಲ್ಲ. ಆದರೆ ಅದರಲ್ಲಿ ಜನರನ್ನು ತುಂಬಬೇಡಿ. ಕೃಷಿ ಟ್ರ್ಯಾಕ್ಟರಿನ ಟ್ರೇಲರ್ ಸಾಮಾನು ಸಾಗಿಸಲು ಇರುವಂಥದು. ಅದರಲ್ಲಿ ಜನರನ್ನು ಕೂರಿಸಲು ಕಾನೂನು ಒಪ್ಪುವುದಿಲ್ಲ. ಅಪಘಾತವಾದರೆ ವಿಮೆಯವರು ಕೈ ಆಡಿಸುತ್ತಾರೆ, ಪರಿಹಾರದ ಭಾರ ಟ್ರ್ಯಾಕ್ಟರಿನ ಒಡೆಯನ ಹೊಲದ ಮೇಲೆ ಬಂದು ಕೂರುತ್ತದೆ. ಜಾತ್ರೆಯ ದಿನಗಳಲ್ಲಿ ಟ್ರೇಲರ್ ಮಗುಚಿದ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಒಂದು ಮಾತು ಮಾತ್ರ: ಟ್ರೇಲರನ್ನು ಟ್ರ್ಯಾಕ್ಟರಿನ ಕೆಳಗಿನ ಕೊಂಡಿಗೇ ಕಟ್ಟಬೇಕು, ಮೊಳೆಗೆ ಚಿಲಕ ಹಾಕಿ ಜತೆಗೆ ಸರಪಣಿ ಬಿಗಿಯಬೇಕು. ಮೇಲಿನ ತೋಳಿಗೆ ಕಟ್ಟಿ ಎಳೆದರೆ ಏರಿನಲ್ಲಿ ಟ್ರ್ಯಾಕ್ಟರಿನ ಮೂತಿಯೇ ಮೇಲೇಳುತ್ತದೆ, ನಮ್ಮ ನೊಗ ಎದ್ದ ಹಾಗೆ.

ರಸ್ತೆ ಮತ್ತು ಎತ್ತು

ಕೂಡ್ಲಿಗಿಯ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಲಾರಿಗಳು ಹೇಗೆ ಓಡುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಕಂದೀಲು ಕಟ್ಟಿದರೆ ಸಾಲದು. ಬಂಡಿಯ ಹಿಂದೆ ಎರಡೂ ಬದಿಗೆ ಕೆಂಪು, ಮುಂದೆ ಬಿಳಿ, ಹರಿಗೋಲಿನ ಹೊರಚಾಚಿದ ಅಂಚಿನ ಸುತ್ತ ಹಳದಿ, ಹೀಗೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ. ಮಸಿ ಬಳಿದಂತಿರುವ ಹರಿಗೋಲು ಕತ್ತಲಲ್ಲಿ ಕಾಣುವುದೇ ಇಲ್ಲ. ಸಾಧ್ಯವಾದರೆ ಹೆದ್ದಾರಿ ಬಿಟ್ಟು ಹಳ್ಳಿಯ ದಾರಿಯಲ್ಲೇ ಹೋಗಿ. ಎರಡು ಮೈಲಿ ಹೆಚ್ಚಾದರೂ ಚಿಂತೆಯಿಲ್ಲ.

ಎತ್ತಿನ ದುಡಿಮೆಗೆ 1965ರಷ್ಟು ಹಿಂದೆಯೇ ಕೇಂದ್ರ ಸರಕಾರ ನಿಯಮ ಮಾಡಿದೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ಹೂಡಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ಶಿವರಾತ್ರಿಯ ಹೊತ್ತಿಗೆ ನಮ್ಮಲ್ಲಿ ಬಿಸಿಲು ಆ ಮಟ್ಟಕ್ಕೆ ಬರತೊಡಗಿರುತ್ತದೆ. ಕುರುವತ್ತಿಗೆ ಹೋಗುವವರು ಬೆಳಗಿನ ಜಾವ ಹೂಡಿ ಹತ್ತು ಗಂಟೆಗೆ ಬಿಚ್ಚುವುದು ಹಿರಿಯರ ಪದ್ಧತಿ, ಅದೇ ಒಳ್ಳೆಯದು.

ನೀರಿಗಿಳಿದ ಮೇಲೆ

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಇಲ್ಲಿಯ ಜನರು ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಯಲ್ಲಿ ಹೊಳೆ ದಾಟುತ್ತಾರೆ, ಅದು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟಿದ್ದಾನೆ. ಚರ್ಮ ಹೋಗಿ ಡಾಂಬರಿನ ಬಟ್ಟೆ, ಪ್ಲಾಸ್ಟಿಕ್ ಹಾಳೆ, ಫೈಬರು ಬಂದಿವೆ. ಸುತ್ತುವುದು ಮಾತ್ರ ತಪ್ಪಿಲ್ಲ. ಹುಟ್ಟು ಹಾಕುವುದನ್ನು ದಂಡೆಯವರಿಂದ ಕಲಿಯದೆ ಒಬ್ಬೊಬ್ಬರೇ ನೀರಿಗಿಳಿಯಬಾರದು.

ಹರಿಗೋಲು ಎಷ್ಟು ಭಾರ ತಾಳುತ್ತದೆ? ತಳದ ಅಗಲ 5 ಅಡಿ ಇದ್ದರೆ ಅದು ಒಂದು ಸೆಂಟಿಮೀಟರ್ ಮುಳುಗಲು ಸುಮಾರು 18 ಕಿಲೋ ಬೇಕು. 180 ಕಿಲೋ, ಅಂದರೆ ಮೂವರು ಕೂತರೆ 10 ಸೆಂಟಿಮೀಟರ್. ತಳದ ಅಂಚು ದುಂಡಗಿರುವುದರಿಂದ ಇನ್ನು ತುಸು ಹೆಚ್ಚು. ಎರಡಡಿ ಆಳದ ಹರಿಗೋಲಿಗೆ ಇದು ಏನೂ ಅಲ್ಲ. ಹಾಗಾದರೆ ಅಪಾಯ ಎಲ್ಲಿಂದ? ಮತ್ತೆ ತಕ್ಕಡಿಯಿಂದಲೇ. ಮೂವರೂ ಒಂದೇ ಬದಿಗೆ ಬಾಗಿ ಬಲೆ ಎಳೆದರೆ, ಒಬ್ಬ ಎದ್ದು ನಿಂತರೆ, ಅಂಚು ನೀರಿಗೆ ಮುಟ್ಟುತ್ತದೆ. ಎಲ್ಲರೂ ತಳದಲ್ಲಿ ಕೂತಿರಬೇಕು, ಎದುರುಬದುರಾಗಿ. ಈಜು ಬಂದರೂ ಬಾರದಿದ್ದರೂ ತೇಲುವ ಜಾಕೆಟ್ಟು ತೊಡಬೇಕು. ಅದಿಲ್ಲದೆ ಮಕ್ಕಳನ್ನು ಹತ್ತಿಸಲೇಬಾರದು. ಆಷಾಢದ ಗಾಳಿಯಲ್ಲಿ ಹಿನ್ನೀರಿನ ಮೇಲೆ ಏಳುವ ತೆರೆಯನ್ನು ನೋಡಿದವರು ಆ ತಿಂಗಳಲ್ಲಿ ಹರಿಗೋಲನ್ನು ಬಂಡಿಯಿಂದ ಇಳಿಸುವುದೇ ಇಲ್ಲ. ಮೀನು ಹಿಡಿಯುವ ಪರವಾನಗಿಯ ವಿಷಯವನ್ನು ಮುಂಚೆಯೇ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಬಂಡಿ ಸಿದ್ಧವಾದ ಮೇಲೆ ನೇರವಾಗಿ ಜಾತ್ರೆಗೆ ಹೊರಡಬೇಡಿ. ಒಂದು ರಾತ್ರಿ ಕಣದಲ್ಲೇ ಬೀಡು ಬಿಟ್ಟು ನೋಡಿ. ನಾವೂ ಹಾಗೆಯೇ ಮಾಡಿದೆವು. ಮೊಳೆಯ ಒಂದು ತೂತು ಅರ್ಧ ಅಂಗುಲ ತಪ್ಪಿದ್ದು, ತಾಡಪಾಲು ಬಡಗಣ ಕಡೆ ಒಂದು ಗೇಣು ಸಾಲದಾದದ್ದು ಅಲ್ಲೇ ಗೊತ್ತಾಯಿತು. ಮರುದಿನ ಬೆಳಿಗ್ಗೆ ಎಲ್ಲವನ್ನೂ ಹೇರಿ ಊರ ಮುಂದಿನ ಕೆರೆಯ ಏರಿಯನ್ನು ಹತ್ತಿಸಿ ಇಳಿಸಿದೆವು. ಏರಿನ ಅರ್ಧದಲ್ಲಿ ಬಂಡಿ ನಿಲ್ಲಿಸಿ ಬಡಿಗೇರ ಅಜ್ಜ ನೊಗದ ಕೆಳಗೆ ಕೈ ತೂರಿಸಿ ನೋಡಿದ. ಜತ್ತಿಗೆ ಸಡಿಲವಾಗಿತ್ತು, ನೊಗ ಹೆಗಲ ಮೇಲೆ ಹಗುರವಾಗಿ ಕೂತಿತ್ತು. ಬಲಗಡೆಯ ಎತ್ತು ಬಾಯಾಡಿಸುತ್ತ ನಿಂತಿತ್ತು. "ಹೂಂ, ಹೊಡಿ" ಎಂದ ಅಜ್ಜ.